ಚೆಂಡೆ ಜೋರು, ಮಾತು ಮೆಲ್ಲ: ಕೋಡ್ ಬರೆದು ಆಡಿಯೋ ಫೈಲ್‌ನ ವಾಲ್ಯೂಮ್ ಸರಿಮಾಡುವ ಬಗೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ಮನೆಗಳಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷ, ಕುಣಿತ ಇಲ್ಲದೆ ಕೂತಲ್ಲೇ ಪದ್ಯ ಹಾಡಿ, ಪಾತ್ರಗಳ ಮಾತನ್ನು, ಅಂದರೆ ಅರ್ಥವನ್ನು, ಹೇಳುವ ಯಕ್ಷಗಾನ ಅದು. ಹೋದ ಮಳೆಗಾಲ ಮಾವನ ಮನೆಯ ಜಗಲಿಯಲ್ಲಿ ಒಂದು ಕೂಟ ನಡೆಯಿತು. ಫೋನನ್ನು ಕಂಬಕ್ಕೆ ಒರಗಿಸಿಟ್ಟು ಪೂರ್ತಿ ಮೂರು ಗಂಟೆ ರೆಕಾರ್ಡ್ ಮಾಡಿದೆ. ಮರುದಿನ ಮನೆಯವರ ಗುಂಪಿಗೆ ಕಳಿಸಿದೆ. ಅರ್ಧ ಗಂಟೆಯೊಳಗೆ ದೂರು ಬಂತು: "ಅರ್ಥ ಕೇಳೋದೇ ಇಲ್ಲ ಮಾರಾಯ." ಅತ್ತೆ ವಾಲ್ಯೂಮ್ ಪೂರ್ತಿ ಏರಿಸಿಕೊಂಡು ಕೇಳುತ್ತಿದ್ದರಂತೆ. ಪದ್ಯಕ್ಕೆ ಚೆಂಡೆ ಬಿದ್ದದ್ದೇ ಇಯರ್‌ಫೋನ್ ಕಿತ್ತು ಬಿಸಾಡಿದರಂತೆ.

ಸ್ವಲ್ಪ ಕೋಡ್ ಬರೆಯಲು ಬರುತ್ತದೆ, ಜೋರು ಮಾಡಿ ಕಳಿಸಿದರಾಯಿತು ಎಂದುಕೊಂಡೆ. ಒಂದು ಸಂಜೆಯ ಕೆಲಸ ಎಂದು ಕೂತವನಿಗೆ ಒಂದು ವಾರ ಹಿಡಿಯಿತು. ಜೋರು ಮಾಡುವುದು ಒಂದೇ ಸಾಲಿನ ಕೋಡ್. ಯಾವುದನ್ನು ಜೋರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೇ ಉಳಿದ ವಾರವೆಲ್ಲ ಹೋಯಿತು. ಆ ವಾರದಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಲೂಪ್ ಅಂದರೇನು, ಅರೇ ಅಂದರೇನು ಎಂದು ಗೊತ್ತಿದ್ದರೆ ಸಾಕು. ನಾನು ಬಳಸಿದ್ದು ಪೈಥಾನ್. ಆದರೆ ಮುಖ್ಯವಾದ ಸಾಲುಗಳನ್ನು ಕನ್ನಡದಲ್ಲೇ ಬರೆದು ತೋರಿಸುತ್ತೇನೆ. ಜಾವಾಸ್ಕ್ರಿಪ್ಟ್ ಆಗಲಿ ಸಿ ಆಗಲಿ, ನಿಮಗೆ ಒಗ್ಗಿದ ಭಾಷೆಗೆ ಇಳಿಸಿಕೊಳ್ಳಿ.

ಸದ್ದು ಅಂದರೆ ಸಂಖ್ಯೆಗಳ ಸಾಲು

ಕಂಪ್ಯೂಟರ್‌ಗೆ ಸದ್ದು ಅಂದರೆ ಉದ್ದಕ್ಕೂ ಬರೆದಿಟ್ಟ ಸಂಖ್ಯೆಗಳು, ಅಷ್ಟೇ. ನನ್ನ ಫೋನ್ ಒಂದು ಸೆಕೆಂಡಿಗೆ 48,000 ಸಂಖ್ಯೆ ಬರೆಯುತ್ತದೆ. ಸಿಡಿಯಲ್ಲಾದರೆ 44,100. ಒಂದೊಂದು ಸಂಖ್ಯೆಗೂ ಸ್ಯಾಂಪಲ್ ಎಂದು ಹೆಸರು. 16 ಬಿಟ್ ಫೈಲ್‌ನಲ್ಲಿ ಈ ಸಂಖ್ಯೆ −32,768ರಿಂದ 32,767ರ ಒಳಗೇ ಇರಬೇಕು. ಸೊನ್ನೆ ಅಂದರೆ ಮೌನ. ಸೊನ್ನೆಯಿಂದ ಮೇಲಕ್ಕೋ ಕೆಳಕ್ಕೋ ಎಷ್ಟು ದೂರ ಹೋಗುತ್ತದೋ ಸದ್ದು ಅಷ್ಟು ಜೋರು.

ಹಾಗಾದರೆ ಜೋರು ಮಾಡುವುದು ಹೇಗೆ? ಪ್ರತಿ ಸ್ಯಾಂಪಲ್ ಅನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ.

ಹೊಸದು = ಹಳೆಯದು × ಗುಣಕ

ಗುಣಕ 1ಕ್ಕಿಂತ ಹೆಚ್ಚಿದ್ದರೆ ಜೋರು, ಕಡಿಮೆಯಿದ್ದರೆ ಮೆಲ್ಲ, 1 ಆದರೆ ಇದ್ದ ಹಾಗೇ. ಹೊಸಬರು ಇಲ್ಲಿ ಗುಣಿಸುವ ಬದಲು ಕೂಡಿಸುವುದುಂಟು. ಪ್ರತಿ ಸ್ಯಾಂಪಲ್‌ಗೆ 1,000 ಕೂಡಿಸಿದರೆ ಸದ್ದು ಒಂಚೂರೂ ಜೋರಾಗುವುದಿಲ್ಲ. ಇಡೀ ಅಲೆ ಹಾಗೇ ಮೇಲಕ್ಕೆ ಸರಿದು ಕೂರುತ್ತದೆ, ಮೇಲುಗಡೆ ಇದ್ದ ಜಾಗವೂ ಹಾಳು.

ಇನ್ನೊಂದು ತಪ್ಪು ಫೈಲನ್ನು ಹಸಿಹಸಿ ಬೈಟುಗಳಾಗಿ ಓದಿ ಎಲ್ಲವನ್ನೂ ಗುಣಿಸಿಬಿಡುವುದು. ಸ್ಯಾಂಪಲ್‌ಗಳನ್ನು ಕಿರಿದು ಮಾಡದೆ ಹಾಗೇ ಬರೆದಿಡುವ ವೇವ್ (.wav) ಫೈಲ್‌ನ ತಲೆಯಲ್ಲಿ ಸಾಮಾನ್ಯವಾಗಿ 44 ಬೈಟ್‌ಗಳ ವಿವರ ಇರುತ್ತದೆ: ಎಷ್ಟು ಚಾನೆಲ್, ಎಷ್ಟು ವೇಗ, ಎಷ್ಟು ಬಿಟ್. ಅದನ್ನೂ ಗುಣಿಸಿದರೆ ಪ್ಲೇಯರ್ ಫೈಲನ್ನು ತೆರೆಯುವುದೇ ಇಲ್ಲ. ಹಳೆಯ 8 ಬಿಟ್ ವೇವ್ ಫೈಲ್‌ಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಸಂಖ್ಯೆಗಳು 0ರಿಂದ 255, ಮೌನ ಅಂದರೆ 128. ಮೊದಲು 128 ಕಳೆದು, ಗುಣಿಸಿ, ಮತ್ತೆ 128 ಕೂಡಿಸಬೇಕು.

ಇಂಥದ್ದಕ್ಕೆಲ್ಲ ತಲೆಕೆಡಿಸಿಕೊಳ್ಳದಿರಲು ಲೈಬ್ರರಿ ಬಳಸುವುದೇ ಒಳ್ಳೆಯದು.

ತಯಾರಿ

ಮೊದಲ ಕೆಲಸ, ಮೂಲ ಫೈಲ್‌ನ ಒಂದು ನಕಲನ್ನು ಬೇರೆ ಫೋಲ್ಡರ್‌ನಲ್ಲಿಡಿ. ಕೋಡ್‌ನಲ್ಲಿ ಓದುವ ಹೆಸರು ಮತ್ತು ಬರೆಯುವ ಹೆಸರು ಎಂದಿಗೂ ಒಂದೇ ಆಗಿರಬಾರದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಹಿಂದೊಮ್ಮೆ ಒಂದು ಮದುವೆಯ ರೆಕಾರ್ಡಿಂಗ್ ಮೇಲೆಯೇ ಬರೆದುಕೊಂಡಿದ್ದೆ. ಗುಣಕ ಜಾಸ್ತಿಯಾಗಿ ಎಲ್ಲವೂ ಒಡೆದು ಹೋಗಿತ್ತು. ಆಮೇಲೆ ಎಷ್ಟು ಭಾಗಿಸಿದರೂ ಹಳೆಯದು ವಾಪಸ್ ಬರಲಿಲ್ಲ.

ಫೋನಿನ ರೆಕಾರ್ಡಿಂಗ್ ಹೆಚ್ಚಾಗಿ ಎಎಸಿಯಲ್ಲೋ ಎಂಪಿ3ಯಲ್ಲೋ ಒತ್ತಿ ಕಿರಿದು ಮಾಡಿದ್ದಾಗಿರುತ್ತದೆ. ಅದರೊಳಗೆ ಸ್ಯಾಂಪಲ್‌ಗಳು ನೇರವಾಗಿ ಸಿಗುವುದಿಲ್ಲ. ಮೊದಲು ಬಿಡಿಸಬೇಕು. ಅದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಇದೆ. ಟರ್ಮಿನಲ್‌ನಲ್ಲಿ ಒಳಬರುವ ಫೈಲ್‌ನ ಹೆಸರು ಕೊಟ್ಟು, ಹೊರಹೋಗುವ ಹೆಸರಿಗೆ ವೇವ್ ಬಾಲ ಹಚ್ಚಿದರೆ ಉಳಿದದ್ದನ್ನು ಅದೇ ಮಾಡುತ್ತದೆ.

ಪೈಥಾನ್‌ನಲ್ಲಿ ಎರಡು ಲೈಬ್ರರಿ ಹಾಕಿಕೊಳ್ಳಿ: ಅರೇಗಳ ಲೆಕ್ಕಕ್ಕೆ ನಮ್‌ಪೈ, ಆಡಿಯೋ ಫೈಲ್ ಓದಿ ಬರೆಯಲು ಸೌಂಡ್‌ಫೈಲ್. ಸೌಂಡ್‌ಫೈಲ್ ಸ್ಯಾಂಪಲ್‌ಗಳನ್ನು −1ರಿಂದ 1ರ ನಡುವಿನ ದಶಾಂಶ ಸಂಖ್ಯೆಗಳಾಗಿ ಕೊಡುತ್ತದೆ. ಬಿಟ್ ಎಷ್ಟೇ ಇರಲಿ, ನಿಮ್ಮ ಕೋಡ್ ಒಂದೇ.

ಹುಡುಕಾಡುವಾಗ ಪೈಡಬ್ ಎಂಬ ಲೈಬ್ರರಿಯ ಹೆಸರೂ ಕಣ್ಣಿಗೆ ಬೀಳುತ್ತದೆ. ಅದು ಬಹಳ ಸರಳ. ಆಡಿಯೋಗೆ 6 ಕೂಡಿಸು ಎಂದರೆ 6 ಡೆಸಿಬಲ್ (ಸದ್ದಿನ ಅಳತೆ, ಮುಂದೆ ಹೇಳುತ್ತೇನೆ) ಏರಿಸುತ್ತದೆ. ಆದರೆ ಅದು ಒಳಗೆ ನೆಚ್ಚಿಕೊಂಡಿದ್ದದ್ದು ಪೈಥಾನ್ ಜತೆಗೇ ಬರುತ್ತಿದ್ದ ಆಡಿಯೋಆಪ್ ಎಂಬ ಮಾಡ್ಯೂಲನ್ನು. ಪೈಥಾನ್ 3.13ರಲ್ಲಿ ಆ ಮಾಡ್ಯೂಲನ್ನು ತೆಗೆದುಹಾಕಿದರು. ಹಳೆಯ ಕೋಡ್ ಹೊಸ ಪೈಥಾನ್‌ನಲ್ಲಿ ಇದ್ದಕ್ಕಿದ್ದಂತೆ ಕೈಕೊಟ್ಟರೆ ಮೊದಲು ಇದನ್ನೇ ನೋಡಿ. ಆಡಿಯೋಆಪ್-ಎಲ್‌ಟಿಎಸ್ ಎಂಬ ಬದಲಿ ಪ್ಯಾಕೇಜ್ ಇದೆ, ಅದನ್ನು ಹಾಕಿಕೊಂಡರೆ ಮತ್ತೆ ನಡೆಯುತ್ತದೆ.

ಮುಟ್ಟುವ ಮೊದಲು ಅಳೆಯಿರಿ

ನಾನು ಮೊದಲ ಸಂಜೆ ಮಾಡದೆ ಬಿಟ್ಟದ್ದು ಇದನ್ನೇ. ಸುಮ್ನೆ 4ರಿಂದ ಗುಣಿಸಿ ನೋಡಿದೆ, ಕೇಳಿದೆ, 3 ಮಾಡಿದೆ, ಮತ್ತೆ ಕೇಳಿದೆ. ಮೂರು ಗಂಟೆಯ ಫೈಲನ್ನು ಹೀಗೆ ಅಂದಾಜಿನಲ್ಲಿ ತಿದ್ದಿದರೆ ಮುಗಿಯುವುದೇ ಇಲ್ಲ.

ಅಳೆಯಬೇಕಾದದ್ದು ಎರಡು. ಒಂದು ಪೀಕ್, ಅಂದರೆ ಎಲ್ಲಕ್ಕಿಂತ ದೊಡ್ಡ ಸ್ಯಾಂಪಲ್. ಇನ್ನೊಂದು ಆರ್‌ಎಂಎಸ್, ಅಂದರೆ ಒಟ್ಟಾರೆ ಸದ್ದು ಎಷ್ಟಿದೆ ಎಂದು ಹೇಳುವ ಒಂದು ಬಗೆಯ ಸರಾಸರಿ. ಸಾದಾ ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು. ಅಲೆ ಮೇಲೆ ಕೆಳಗೆ ಸಮನಾಗಿ ಹೋಗುವುದರಿಂದ ಉತ್ತರ ಯಾವಾಗಲೂ ಸೊನ್ನೆಯ ಹತ್ತಿರವೇ ಬರುತ್ತದೆ.

ಪೀಕ್ = ಚಿಹ್ನೆ ಬಿಟ್ಟು ನೋಡಿದಾಗ ಅತಿ ದೊಡ್ಡ ಸ್ಯಾಂಪಲ್
ಆರ್‌ಎಂಎಸ್ = ವರ್ಗಮೂಲ (ಸ್ಯಾಂಪಲ್‌ಗಳ ವರ್ಗಗಳ ಸರಾಸರಿ)
ಡೆಸಿಬಲ್ = 20 × ಲಾಗ್ (ಬೆಲೆ)
ಗುಣಕ = 10ರ ಘಾತ (ಡೆಸಿಬಲ್ ÷ 20)

ಇಲ್ಲಿ ಲಾಗ್ ಅಂದರೆ 10ರ ಬುಡದ್ದು. ಪೂರ್ಣ ಮೌನದ ಜಾಗದಲ್ಲಿ ಬೆಲೆ ಸೊನ್ನೆಯಾದರೆ ಲಾಗ್ ಕೈಕೊಡುತ್ತದೆ. ಅದಕ್ಕೆ 0.000001ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ 0.000001 ಎಂದೇ ಹಿಡಿಯಿರಿ. ಅದು −120 ಡೆಸಿಬಲ್, ಯಾರ ಕಿವಿಗೂ ಬೀಳದಷ್ಟು ಕೆಳಗೆ.

ಡೆಸಿಬಲ್ ಯಾಕೆ ಬೇಕು? ನಮ್ಮ ಕಿವಿ ಗುಣಾಕಾರದಲ್ಲಿ ಕೇಳುತ್ತದೆ. 100 ಇದ್ದದ್ದು 200 ಆದಾಗ ಎಷ್ಟು ವ್ಯತ್ಯಾಸ ಅನಿಸುತ್ತದೋ, 10,000 ಇದ್ದದ್ದು 20,000 ಆದಾಗಲೂ ಸುಮಾರು ಅಷ್ಟೇ ಅನಿಸುತ್ತದೆ. ಡೆಸಿಬಲ್‌ನಲ್ಲಿ ಎರಡೂ ಒಂದೇ, 6 ಡೆಸಿಬಲ್. ಫೈಲ್‌ಗಳ ಲೆಕ್ಕದಲ್ಲಿ ಅತಿ ಜೋರಿನ ಗಡಿಯೇ 0 ಡೆಸಿಬಲ್, ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ, ಮೈನಸ್‌ನಲ್ಲಿ. ಕೆಲವು ಬೆಲೆ ಬಾಯಿಗೆ ಬಂದರೆ ಅನುಕೂಲ. 6 ಡೆಸಿಬಲ್ ಏರಿಸಲು ಹೆಚ್ಚುಕಮ್ಮಿ 2ರಿಂದ ಗುಣಿಸಬೇಕು, 20 ಏರಿಸಲು 10ರಿಂದ. 1 ಡೆಸಿಬಲ್ ಇಳಿಸಲು 0.891. ಇನ್ನೊಂದು ಮಾತು, ಗುಣಕ 2 ಮಾಡಿದರೆ ಕೇಳುವವರಿಗೆ ಎರಡು ಪಟ್ಟು ಜೋರು ಅನಿಸುವುದಿಲ್ಲ. ಹಾಗನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಗುಣಕ 3.16.

ಇಡೀ ಫೈಲ್‌ಗೆ ಒಂದೇ ಅಳತೆ ತೆಗೆಯಬೇಡಿ. ಒಂದೊಂದು ಸೆಕೆಂಡಿಗೂ ಪೀಕ್ ಮತ್ತು ಆರ್‌ಎಂಎಸ್ ಬರೆಸಿ. ನನ್ನ ಫೈಲ್‌ನಲ್ಲಿ ಕಂಡದ್ದು ಹೀಗಿತ್ತು. ಚೆಂಡೆ ಬಾರಿಸುವ ಜಾಗಗಳಲ್ಲಿ ಪೀಕ್ −0.4 ಡೆಸಿಬಲ್. 16 ಬಿಟ್ ಲೆಕ್ಕದಲ್ಲಿ ಸುಮಾರು 31,290, ಗಡಿಗೆ ತಾಗುವ ಹಾಗೆ. ಅರ್ಥಧಾರಿಗಳು ಮಾತಾಡುವಲ್ಲಿ ಪೀಕ್ −20 ಡೆಸಿಬಲ್ ಆಸುಪಾಸು, ಅಂದರೆ 3,277. ಅದೇ ಮಾತಿನ ಆರ್‌ಎಂಎಸ್ ಬರೀ −34 ಡೆಸಿಬಲ್, ಸುಮಾರು 650. 32,767ರವರೆಗೆ ಜಾಗ ಇರುವಲ್ಲಿ 650! ಅತ್ತೆಗೆ ಕೇಳಿಸದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಗಡಿ ದಾಟಿದರೆ ಏನಾಗುತ್ತದೆ

650 ಇದ್ದದ್ದನ್ನು ನಾಲ್ಕೂವರೆ ಪಟ್ಟು ಮಾಡಿದರೆ ಮಾತು ಚೆನ್ನಾಗಿ ಕೇಳುತ್ತದೆ. ಆದರೆ ಚೆಂಡೆಯ 31,290 ಕೂಡ ನಾಲ್ಕೂವರೆ ಪಟ್ಟಾಗಿ 1,40,000 ದಾಟುತ್ತದೆ. ಆ ಸಂಖ್ಯೆಗೆ 16 ಬಿಟ್‌ನಲ್ಲಿ ಜಾಗವೇ ಇಲ್ಲ.

ಆಗ ಎರಡು ರೀತಿಯ ಅನಾಹುತ ಆಗಬಹುದು. ಗಡಿ ದಾಟಿದ್ದನ್ನೆಲ್ಲ 32,767ಕ್ಕೇ ನಿಲ್ಲಿಸಿದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಊರಿನ ಜಾತ್ರೆಯಲ್ಲಿ ಹಾರ್ನ್ ಸ್ಪೀಕರ್ ಕಿರುಚಿದ ಹಾಗೆ ಕೇಳುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ನಮ್‌ಪೈಯಲ್ಲಿ 16 ಬಿಟ್ ಪೂರ್ಣಾಂಕಗಳ ಅರೇಯನ್ನು ಹಾಗೇ 2ರಿಂದ ಗುಣಿಸಿ ನೋಡಿ. 30,000 × 2 ಅಂದರೆ 60,000 ಆಗಬೇಕು. ಸಿಗುವುದು −5,536. ಕಾರಿನ ಮೀಟರ್ 99,999 ದಾಟಿ 0ಗೆ ಬಂದ ಹಾಗೆ ಸಂಖ್ಯೆ ಸುತ್ತಿ ಇನ್ನೊಂದು ತುದಿಯಿಂದ ಬರುತ್ತದೆ. ಎಚ್ಚರಿಕೆಯ ಒಂದು ಸಂದೇಶವೂ ಬರುವುದಿಲ್ಲ. ಕಿವಿಗೆ ಮಾತ್ರ ಪಟಾಕಿ ಸಿಡಿದ ಹಾಗೆ ಪಟಪಟ ಅನ್ನುತ್ತದೆ. ನಾನು ಇದನ್ನು ಕೇಳಿ ಇಯರ್‌ಫೋನ್ ಕೆಟ್ಟಿತು ಎಂದುಕೊಂಡು ಇನ್ನೊಂದನ್ನು ಹುಡುಕಲು ಎದ್ದಿದ್ದೆ.

ಹಾಗಾಗಿ ಗುಣಿಸುವ ಕೆಲಸವೆಲ್ಲ ದಶಾಂಶ ಸಂಖ್ಯೆಗಳಲ್ಲೇ ಆಗಲಿ. ಅಲ್ಲಿ 1 ದಾಟಿದರೂ ಏನೂ ಒಡೆಯುವುದಿಲ್ಲ, ಮತ್ತೆ ಇಳಿಸಿಕೊಳ್ಳಬಹುದು. 16 ಬಿಟ್‌ಗೆ ತರುವುದು ಒಂದೇ ಸಲ, ಕೊನೆಯಲ್ಲಿ. ತರುವ ಮೊದಲು ಎಷ್ಟು ಸ್ಯಾಂಪಲ್ 1 ದಾಟಿವೆ ಎಂದು ಎಣಿಸಿ ಪರದೆಗೆ ಬರೆಸಿ. ಸೊನ್ನೆ ಬಂದರೆ ಸರಿ. ಇಲ್ಲದಿದ್ದರೆ ಗುಣಕ ಇಳಿಸಿ.

ಮೂರು ಗಂಟೆಯನ್ನು ಒಂದೇ ತುತ್ತಿಗೆ ನುಂಗಬೇಡಿ

ಐದು ನಿಮಿಷದ ಫೈಲ್ ಆದರೆ ಪೂರ್ತಿ ಓದಿಕೊಂಡು ಗುಣಿಸಿ ಬರೆದರೆ ಮುಗಿಯಿತು. ನನ್ನದು ಮೂರು ಗಂಟೆಯದ್ದು. 48,000 × 10,800 ಸೆಕೆಂಡ್, ಅಂದರೆ 51.84 ಕೋಟಿ ಸ್ಯಾಂಪಲ್. 16 ಬಿಟ್ ಮೋನೋ ಫೈಲ್ ಡಿಸ್ಕ್‌ನಲ್ಲಿ ಒಂದು ಜಿಬಿಯಷ್ಟೇ ಇತ್ತು. ಆದರೆ ಸೌಂಡ್‌ಫೈಲ್ ಹೇಳದೇ ಬಿಟ್ಟರೆ 64 ಬಿಟ್ ದಶಾಂಶಗಳನ್ನು ಕೊಡುತ್ತದೆ. ಮೆಮೊರಿಯಲ್ಲಿ ಅದು 4 ಜಿಬಿ ದಾಟಿತು. ಗುಣಿಸಿದ ಉತ್ತರಕ್ಕೆ ಇನ್ನೊಂದು 4 ಜಿಬಿ. ನನ್ನ ಹಳೆಯ ಲ್ಯಾಪ್‌ಟಾಪ್ ಅಲ್ಲೇ ಕೈಮುಗಿಯಿತು.

ತುಂಡು ತುಂಡಾಗಿ ಮಾಡಿ. ಫೈಲ್ ತೆರೆದು, 48,000 ಸ್ಯಾಂಪಲ್ ಓದಿ, ಗುಣಿಸಿ, ಹೊಸ ಫೈಲ್‌ಗೆ ಬರೆದು, ಮುಂದಿನ 48,000 ಓದಿ. ಸೌಂಡ್‌ಫೈಲ್‌ನಲ್ಲಿ ಇದಕ್ಕೆಂದೇ ಬ್ಲಾಕ್ಸ್ ಎಂಬ ಫಂಕ್ಷನ್ ಇದೆ. 32 ಬಿಟ್ ದಶಾಂಶ ಬೇಕು ಎಂದು ಕೇಳಿದರೆ ಮೆಮೊರಿ ಅರ್ಧಕ್ಕೆ ಇಳಿಯುತ್ತದೆ. ಸದ್ದಿಗೆ ಅಷ್ಟು ನಿಖರತೆ ಧಾರಾಳ.

ಸ್ಟೀರಿಯೋ ಫೈಲ್ ಆಗಿದ್ದರೆ ಎಡಕ್ಕೂ ಬಲಕ್ಕೂ ಒಂದೇ ಗುಣಕ ಹಾಕಿ. ಬೇರೆ ಬೇರೆ ಹಾಕಿದರೆ ನಡುವೆ ಕೂತ ಭಾಗವತರು ಒಂದು ಮೂಲೆಗೆ ಸರಿದು ಕೂರುತ್ತಾರೆ.

ಪೀಕ್ ನಾರ್ಮಲೈಸ್, ಮತ್ತು ಅದು ಕೈಕೊಡುವ ಜಾಗ

ವಾಲ್ಯೂಮ್ ಸರಿ ಮಾಡುವುದು ಎಂದು ಹುಡುಕಿದರೆ ಮೊದಲು ಸಿಗುವ ಉಪಾಯ ಇದು. ಅತಿ ದೊಡ್ಡ ಸ್ಯಾಂಪಲ್ ಎಲ್ಲಿದೆ ನೋಡಿ, ಅದು ಗಡಿಯ ಹತ್ತಿರ ಬರುವಷ್ಟು ಎಲ್ಲವನ್ನೂ ಏರಿಸಿ.

ಗುಣಕ = ಬೇಕಾದ ಪೀಕ್ ÷ ಈಗಿನ ಪೀಕ್

ಒಬ್ಬರೇ ಮಾತಾಡಿದ ರೆಕಾರ್ಡಿಂಗ್‌ಗೆ, ಪಾಠದ ಆಡಿಯೋಗೆ, ಕೊಳಲಿನ ಒಂದು ಹಾಡಿಗೆ ಇದು ಸಾಕು. ಬೇಕಾದ ಪೀಕ್ 0.891 ಇಟ್ಟುಕೊಳ್ಳಿ, ಅಂದರೆ −1 ಡೆಸಿಬಲ್. ಅದಕ್ಕಿಂತ ಮೇಲೆ ಹೋದರೆ ಆಮೇಲೆ ಎಂಪಿ3 ಮಾಡುವಾಗ ಅಲೆಯ ಆಕಾರ ಒಂಚೂರು ಬದಲಾಗಿ ಗಡಿ ದಾಟಬಹುದು.

ತಾಳಮದ್ದಳೆಗೆ ಈ ಉಪಾಯ ನಡೆಯುವುದಿಲ್ಲ. ಚೆಂಡೆ ಆಗಲೇ −0.4ರಲ್ಲಿ ಕೂತಿದೆ. ಏರಿಸಲು ಉಳಿದ ಜಾಗ 0.4 ಡೆಸಿಬಲ್, ಅಂದರೆ ಗುಣಕ 1.047. ಮಾತಿನ 650 ಎದ್ದು 680 ಆಗುತ್ತದೆ. ಯಾರಿಗೂ ಗೊತ್ತೂ ಆಗುವುದಿಲ್ಲ. ಒಂದೇ ಒಂದು ಚೆಂಡೆಪೆಟ್ಟು ಇಡೀ ಮೂರು ಗಂಟೆಯ ವಾಲ್ಯೂಮನ್ನು ಹಿಡಿದು ಕೂರುತ್ತದೆ. ಸಭೆಯಲ್ಲಿ ಯಾರೋ ಮೈಕಿಗೆ ಕೆಮ್ಮಿದರೂ ಇದೇ ಕಥೆ.

ಎಲ್‌ಯುಎಫ್‌ಎಸ್ ಎಂಬ ಅಳತೆ

ಟಿವಿ, ರೇಡಿಯೋದವರಿಗೂ ಇದೇ ತಲೆನೋವು ಇತ್ತು. ಪೀಕ್ ಸಮ ಇದ್ದರೂ ಜಾಹೀರಾತು ಬಂದಾಗ ರಿಮೋಟ್‌ಗೆ ಕೈ ಹೋಗುತ್ತಿತ್ತು. ಅದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಬಿಎಸ್ 1770 ಎಂಬ ಅಳತೆಯ ವಿಧಾನ ತಂದಿತು. ಯುರೋಪಿನ ಪ್ರಸಾರಕರ ಒಕ್ಕೂಟ ಅದರ ಮೇಲೆ 2010ರಲ್ಲಿ ಆರ್128 ಎಂಬ ಶಿಫಾರಸು ಕಟ್ಟಿ ಗುರಿಯನ್ನು −23 ಎಲ್‌ಯುಎಫ್‌ಎಸ್ ಎಂದು ಇಟ್ಟಿತು. ಎಲ್‌ಯುಎಫ್‌ಎಸ್ ಅನ್ನುವುದೂ ಡೆಸಿಬಲ್ ಲೆಕ್ಕವೇ, ಆದರೆ ಮನುಷ್ಯನ ಕಿವಿಗೆ ಹತ್ತಿರ ತಂದದ್ದು. ತೀರಾ ಕೆಳಗಿನ ಗುಡುಗುಡು ಸದ್ದಿಗೆ ಬೆಲೆ ಕಡಿಮೆ, ಮೇಲಿನ ಚೂಪು ಸದ್ದಿಗೆ ಒಂಚೂರು ಜಾಸ್ತಿ. 400 ಮಿಲಿಸೆಕೆಂಡಿನ ತುಂಡುಗಳಲ್ಲಿ ಅಳೆದು, ಮೌನದ ತುಂಡುಗಳನ್ನು ಬಿಟ್ಟು ಸರಾಸರಿ ತೆಗೆಯುತ್ತಾರೆ. ಅರ್ಥಧಾರಿ ನೀರು ಕುಡಿಯಲು ನಿಲ್ಲಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಪೈಥಾನ್‌ನಲ್ಲಿ ಪೈಲೌಡ್‌ನಾರ್ಮ್ ಎಂಬ ಲೈಬ್ರರಿ ಇದನ್ನು ಅಳೆದು ಕೊಡುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಲೌಡ್‌ನಾರ್ಮ್ ಎಂಬ ಫಿಲ್ಟರ್ ಇದೆ. ಪಾಡ್‌ಕಾಸ್ಟ್‌ಗೆ −16, ಸ್ಪಾಟಿಫೈಯಂಥ ಕಡೆಗೆ −14 ಗುರಿ ಇಟ್ಟುಕೊಳ್ಳುವುದು ವಾಡಿಕೆ. ಬೇರೆ ಬೇರೆ ದಿನ ಮಾಡಿದ ಹತ್ತು ರೆಕಾರ್ಡಿಂಗ್‌ಗಳನ್ನು ಒಂದೇ ಮಟ್ಟಕ್ಕೆ ತರಬೇಕಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಲೌಡ್‌ನಾರ್ಮ್ ಬಳಸುವವರಿಗೆ ಎರಡು ಮಾತು. ಇದನ್ನು ಎರಡು ಸಲ ಓಡಿಸಬೇಕು. ಮೊದಲ ಸಲ ಅಳತೆ ಮಾತ್ರ, ಎರಡನೇ ಸಲ ಆ ಅಳತೆಗಳನ್ನು ವಾಪಸ್ ಕೊಟ್ಟು ತಿದ್ದುವುದು. ಒಂದೇ ಸಲ ಓಡಿಸಿದರೆ ಅದು ದಾರಿಯುದ್ದಕ್ಕೂ ವಾಲ್ಯೂಮನ್ನು ತನಗೆ ತೋಚಿದಂತೆ ಏರಿಸಿ ಇಳಿಸಿ ಮಾಡುತ್ತಾ ಹೋಗುತ್ತದೆ. ಇನ್ನೊಂದು, ಹಾಗೆ ಏರಿಸಿ ಇಳಿಸಿ ಮಾಡುವಾಗ ಅದು ಒಳಗೆ ಸೆಕೆಂಡಿಗೆ 1,92,000 ಸ್ಯಾಂಪಲ್‌ಗೆ ಏರಿಸಿಕೊಳ್ಳುತ್ತದೆ. ಹೊರಹೋಗುವ ಫೈಲ್ 48,000 ಇರಲಿ ಎಂದು ನೀವೇ ಹೇಳದಿದ್ದರೆ ವೇವ್ ಫೈಲ್ ನಾಲ್ಕು ಪಟ್ಟು ದೊಡ್ಡದಾಗಿ ಕೂರುತ್ತದೆ.

ಆದರೆ ನನ್ನ ಸಮಸ್ಯೆ ಒಂದೇ ಫೈಲ್‌ನ ಒಳಗಿನದ್ದು. ಮಾತಿಗೂ ಚೆಂಡೆಗೂ ಇರುವ 20 ಡೆಸಿಬಲ್ ಕಂದಕ. ಒಂದೇ ಗುಣಕದಿಂದ ಗುಣಿಸಿದರೆ ಅದು ಮುಚ್ಚುವುದಿಲ್ಲ, ಎರಡೂ ಒಟ್ಟಿಗೇ ಏರುತ್ತವೆ. ಗುಣಕವೇ ಕ್ಷಣಕ್ಷಣಕ್ಕೆ ಬದಲಾಗಬೇಕು.

ಕಂಪ್ರೆಸರ್: ಗುಣಕಕ್ಕೂ ಕಿವಿ ಬರಿಸುವುದು

ಯೋಚನೆ ಸರಳ. 0 ಡೆಸಿಬಲ್‌ನ ಗಡಿಯ ಕೆಳಗೆ ನೀವೇ ಇನ್ನೊಂದು ಗಡಿ ಹಾಕಿ. ಸದ್ದು ಗಡಿಯ ಕೆಳಗಿದ್ದರೆ ಮುಟ್ಟಬೇಡಿ. ಗಡಿ ದಾಟಿದರೆ, ದಾಟಿದ ಭಾಗವನ್ನು ಮಾತ್ರ ಒಂದು ಅನುಪಾತದಲ್ಲಿ ಕುಗ್ಗಿಸಿ. ಕೊನೆಗೆ ಇಡಿಯಾಗಿ ಎತ್ತಿ.

ನನ್ನ ಲೆಕ್ಕ ಹೀಗಿತ್ತು. ಗಡಿ −20, ಅನುಪಾತ 4. ಮಾತಿನ ಪೀಕ್ −20, ಹಾಗಾಗಿ ಅದು ಹಾಗೇ ಉಳಿಯಿತು. ಚೆಂಡೆ ಗಡಿಯಿಂದ ಸುಮಾರು 20 ಡೆಸಿಬಲ್ ಮೇಲಿದೆ. ಆ 20 ನಾಲ್ಕರಿಂದ ಭಾಗವಾಗಿ 5 ಆಯಿತು. ಅಂದರೆ ಚೆಂಡೆ ಈಗ −15. ಈಗ ಎಲ್ಲವನ್ನೂ 13 ಡೆಸಿಬಲ್ ಎತ್ತಬಹುದು. ಚೆಂಡೆ −2ಕ್ಕೆ ನಿಂತಿತು, ಮಾತು −7ಕ್ಕೆ ಬಂತು. ಮಾತಿನ ಆರ್‌ಎಂಎಸ್ −34 ಇದ್ದದ್ದು −21. 20ರ ಕಂದಕ 5ಕ್ಕೆ ಇಳಿಯಿತು.

ಕೋಡ್‌ನ ಹೊಟ್ಟೆ ಇಷ್ಟೇ:

ಎನ್ವಲಪ್ = 0
ಪ್ರತಿ ಸ್ಯಾಂಪಲ್‌ಗೂ:
— ಮಟ್ಟ = ಚಿಹ್ನೆ ಬಿಟ್ಟ ಸ್ಯಾಂಪಲ್
— ಮಟ್ಟವು ಎನ್ವಲಪ್‌ಗಿಂತ ದೊಡ್ಡದಾದರೆ ಕ = ಏರುವ ಕ; ಇಲ್ಲದಿದ್ದರೆ ಕ = ಇಳಿಯುವ ಕ
— ಎನ್ವಲಪ್ = ಕ × ಎನ್ವಲಪ್ + (1 − ಕ) × ಮಟ್ಟ
— ಹೆಚ್ಚುವರಿ = ಎನ್ವಲಪ್‌ನ ಡೆಸಿಬಲ್ − ಗಡಿ
— ಹೆಚ್ಚುವರಿ ಸೊನ್ನೆ ದಾಟಿದರೆ ಇಳಿಕೆ = ಹೆಚ್ಚುವರಿ × (1 − 1 ÷ ಅನುಪಾತ); ಇಲ್ಲದಿದ್ದರೆ ಇಳಿಕೆ = 0
— ಹೊಸದು = ಸ್ಯಾಂಪಲ್ × (13 − ಇಳಿಕೆ) ಡೆಸಿಬಲ್‌ನ ಗುಣಕ

ಎನ್ವಲಪ್ ಅಂದರೆ ಸದ್ದಿನ ಮೇಲುಹೊದಿಕೆ. ಅಲೆ ಮೇಲೆ ಕೆಳಗೆ ಕುಣಿಯುತ್ತಿದ್ದರೂ ಎನ್ವಲಪ್ ಅದರ ತಲೆಗಳನ್ನು ಮುಟ್ಟಿಕೊಂಡು ನಿಧಾನ ಹೋಗುತ್ತದೆ. ಎಷ್ಟು ನಿಧಾನ ಎಂದು ಹೇಳುವುದು 'ಕ'.

ಕ = ಇ ಘಾತ (−1 ÷ (ಸಮಯ × 48,000))

ಇಲ್ಲಿ ಇ ಅಂದರೆ 2.718. ಸಮಯವನ್ನು ಸೆಕೆಂಡಿನಲ್ಲಿ ಕೊಡಿ. ಏರಲು 1 ಮಿಲಿಸೆಕೆಂಡ್ ಕೊಟ್ಟರೆ ಕ ಸುಮಾರು 0.979. ಇಳಿಯಲು 200 ಮಿಲಿಸೆಕೆಂಡ್ ಕೊಟ್ಟರೆ 0.9999.

ಈ ಎರಡು ಸಮಯಗಳಲ್ಲೇ ಇರುವುದು ಎಲ್ಲ ಕೈಚಳಕ. ಮೊದಲು ನಾನು ಇಳಿಯಲು ಒಂದು ಸೆಕೆಂಡ್ ಕೊಟ್ಟಿದ್ದೆ. ಚೆಂಡೆ ನಿಂತದ್ದೇ ಅರ್ಥಧಾರಿ ಬಾಯಿ ತೆರೆಯುತ್ತಾರೆ. ಗುಣಕ ಇನ್ನೂ ಚೆಂಡೆಯ ಮಟ್ಟದಲ್ಲೇ ಕೆಳಗೆ ಇದೆ. ಪ್ರತಿ ಮಾತಿನ ಮೊದಲ ಪದ ನುಂಗಿ ಹೋಗುತ್ತಿತ್ತು. "ಎಲೈ" ಎಂದು ಶುರುವಾಗುವುದೇ ಕೇಳದಿದ್ದರೆ ತಾಳಮದ್ದಳೆಯಲ್ಲಿ ಉಳಿಯುವುದೇನು? 20 ಮಿಲಿಸೆಕೆಂಡಿಗೆ ಇಳಿಸಿದೆ. ಈಗ ಗುಣಕ ಅಲೆಯ ಜತೆಗೇ ಕುಣಿಯಲು ಶುರು ಮಾಡಿ ಮದ್ದಳೆಯ ನಾದ ಗೊರಗೊರ ಆಯಿತು. 150ರಿಂದ 250ರ ನಡುವೆ ಸರಿಹೋಯಿತು.

ಏರುವ ಸಮಯದ್ದು ಇನ್ನೊಂದು ಸಮಸ್ಯೆ. ಚೆಂಡೆಯ ಪೆಟ್ಟು ಚೂಪು. ಎನ್ವಲಪ್ ಏರುವಷ್ಟರಲ್ಲಿ ಪೆಟ್ಟಿನ ಮೊದಲ ತುದಿ ದಾಟಿ ಹೋಗಿರುತ್ತದೆ, ಅದಕ್ಕೆ 13 ಡೆಸಿಬಲ್ ಪೂರ್ತಿ ಸಿಕ್ಕಿ 0 ಡೆಸಿಬಲ್‌ನ ಗಡಿಯೇ ಒಡೆಯುತ್ತದೆ. ಇಲ್ಲಿ ಫೈಲ್ ಇಟ್ಟುಕೊಂಡವರಿಗೆ ಒಂದು ಅನುಕೂಲ ಇದೆ. ನೇರ ಪ್ರಸಾರದವರಿಗೆ ಮುಂದೇನು ಎಂದು ಗೊತ್ತಿಲ್ಲ, ನಮಗೆ ಗೊತ್ತು. ಈಗಿನ ಎನ್ವಲಪ್‌ನಿಂದ ಬಂದ ಗುಣಕವನ್ನು ಈಗಿನ ಸ್ಯಾಂಪಲ್‌ಗೆ ಹಾಕಬೇಡಿ, 5 ಮಿಲಿಸೆಕೆಂಡ್ ಹಿಂದಿನ ಸ್ಯಾಂಪಲ್‌ಗೆ ಹಾಕಿ. 48,000ದ ಲೆಕ್ಕದಲ್ಲಿ 240 ಸ್ಯಾಂಪಲ್ ಹಿಂದಿನದಕ್ಕೆ. ಪೆಟ್ಟು ಬೀಳುವ ಮೊದಲೇ ಗುಣಕ ತಲೆ ತಗ್ಗಿಸಿರುತ್ತದೆ. ನನ್ನ ಕೋಡ್‌ನಲ್ಲಿ ಕ್ಲಿಪ್ ಆದ ಸ್ಯಾಂಪಲ್‌ಗಳ ಎಣಿಕೆ ಸಾವಿರಗಳಿಂದ ಬೆರಳೆಣಿಕೆಗೆ ಇಳಿದದ್ದು ಈ ಒಂದು ಬದಲಾವಣೆಯಿಂದ. ಉಳಿದ ಬೆರಳೆಣಿಕೆಯನ್ನು ಕೊನೆಯಲ್ಲಿ 0.891ಕ್ಕೆ ಕತ್ತರಿಸಿದೆ. ಅಷ್ಟು ಕಡಿಮೆ ಇದ್ದರೆ ಕಿವಿಗೆ ತಿಳಿಯದು.

ತುಂಡು ತುಂಡಾಗಿ ಓದುವವರು ಒಂದನ್ನು ಮರೆಯಬೇಡಿ. ಒಂದು ತುಂಡು ಮುಗಿದಾಗ ಎನ್ವಲಪ್‌ನ ಬೆಲೆಯನ್ನೂ, ಹಿಂದುಳಿದ 240 ಸ್ಯಾಂಪಲ್‌ಗಳನ್ನೂ ಮುಂದಿನ ತುಂಡಿಗೆ ದಾಟಿಸಬೇಕು. ಪ್ರತಿ ಸಲ ಸೊನ್ನೆಯಿಂದ ಶುರು ಮಾಡಿದರೆ ಸೆಕೆಂಡಿಗೊಂದು ಟಪ್ ಎಂಬ ಸದ್ದು ಬರುತ್ತದೆ, ಗೋಡೆ ಗಡಿಯಾರದ ಹಾಗೆ.

51.84 ಕೋಟಿ ಸ್ಯಾಂಪಲ್‌ಗಳ ಮೇಲೆ ಬರೀ ಪೈಥಾನ್ ಲೂಪ್ ಓಡಿಸಿದರೆ ಊಟ ಮಾಡಿ ಒಂದು ನಿದ್ದೆ ತೆಗೆದು ಬರಬಹುದು. ನಂಬಾ ಎಂಬ ಲೈಬ್ರರಿ ಹಾಕಿ, ಲೂಪ್ ಇರುವ ಫಂಕ್ಷನ್ ತಲೆಯ ಮೇಲೆ ಅದರ ಒಂದು ಸಾಲು ಬರೆದರೆ ಅದೇ ಕೋಡ್ ಯಂತ್ರಭಾಷೆಗೆ ಇಳಿದು ಬಹಳ ಬೇಗ ಮುಗಿಯುತ್ತದೆ. ಕೋಡ್ ಬರೆಯುವ ಆಸೆ ಇಲ್ಲದವರಿಗೆ ಎಫ್‌ಎಫ್‌ಎಂಪೆಗ್‌ನಲ್ಲೇ ಎಕಂಪ್ರೆಸರ್ ಎಂಬ ಫಿಲ್ಟರ್ ಇದೆ. ಆದರೆ ಒಮ್ಮೆ ಕೈಯಾರೆ ಬರೆದವರಿಗೆ ಮಾತ್ರ ಅದರ ಗುಂಡಿಗಳ ಅರ್ಥ ಆಗುತ್ತದೆ ಎಂದು ನನ್ನ ಅನುಭವ.

ಬರೆದಿಡುವಾಗ

ಎಲ್ಲ ಮುಗಿದ ಮೇಲೆ 32,767ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, 16 ಬಿಟ್‌ನಲ್ಲಿ ಬರೆಯಿರಿ. ಸೌಂಡ್‌ಫೈಲ್ ಆದರೆ ದಶಾಂಶ ಕೊಟ್ಟರೂ ತಾನೇ ಮಾಡಿಕೊಳ್ಳುತ್ತದೆ. ತುಂಬಾ ಮೆಲ್ಲಗಿನ ಸಂಗೀತವಾದರೆ ಪೂರ್ಣಾಂಕ ಮಾಡುವ ಮೊದಲು ಒಂದು ಸ್ಯಾಂಪಲ್ ಹೆಜ್ಜೆಯಷ್ಟು ಸಣ್ಣ ಗೊತ್ತುಗುರಿಯಿಲ್ಲದ ಸಂಖ್ಯೆಯನ್ನು ಕೂಡಿಸುತ್ತಾರೆ, ಅದಕ್ಕೆ ಡಿದರ್ ಎನ್ನುತ್ತಾರೆ. ಮಳೆಗಾಲದ ಜಗಲಿಯ ರೆಕಾರ್ಡಿಂಗ್‌ಗೆ ಅದರ ಅಗತ್ಯ ಇಲ್ಲ. ಹೆಂಚಿನ ಮೇಲೆ ಬೀಳುವ ಮಳೆಯೇ ಆ ಕೆಲಸ ಮಾಡಿರುತ್ತದೆ.

ಮಳೆ ಅಂದಾಗ ನೆನಪಾಯಿತು. ಮಾತನ್ನು 13 ಡೆಸಿಬಲ್ ಎತ್ತಿದರೆ ಹಿಂದಿನ ಮಳೆ, ಫ್ಯಾನು, ಒಳಗೆ ಪಾತ್ರೆ ತೊಳೆಯುವುದು ಎಲ್ಲವೂ 13 ಡೆಸಿಬಲ್ ಏಳುತ್ತವೆ. ವಾಲ್ಯೂಮ್‌ನ ಕೋಡ್ ಅದಕ್ಕೆ ಮದ್ದಲ್ಲ. ಮುಂದಿನ ಸಲ ಫೋನನ್ನು ಅರ್ಥಧಾರಿಗಳ ಹತ್ತಿರ ಇಡುವುದೇ ಮದ್ದು.

ನಿಮ್ಮ ಬಳಿ ಇರುವುದು ಎಂಪಿ3 ಮಾತ್ರ, ಎಲ್ಲವನ್ನೂ ಒಂದೇ ಸಮ ಏರಿಸಿದರೆ ಸಾಕು ಅನ್ನುವುದಾದರೆ ಬಿಡಿಸಿ ಮತ್ತೆ ಒತ್ತಬೇಡಿ. ಪ್ರತಿ ಸಲ ಒತ್ತಿದಾಗಲೂ ಒಂದಿಷ್ಟು ಗುಣಮಟ್ಟ ಹೋಗುತ್ತದೆ. ಎಂಪಿ3ಯ ಪ್ರತಿ ತುಣುಕಿನಲ್ಲೂ ಗ್ಲೋಬಲ್ ಗೇನ್ ಎಂಬ ಒಂದು ಸಂಖ್ಯೆ ಇರುತ್ತದೆ. ಅದನ್ನು 1 ಏರಿಸಿದರೆ ಸದ್ದು 1.5 ಡೆಸಿಬಲ್ ಏರುತ್ತದೆ. ಎಂಪಿ3ಗೇನ್ ಎಂಬ ಸಾಧನ ಆ ಸಂಖ್ಯೆಯನ್ನು ಮಾತ್ರ ತಿದ್ದುತ್ತದೆ. ಬೇಡವೆನಿಸಿದರೆ ವಾಪಸ್ಸೂ ಇಳಿಸಬಹುದು.

ಕೊನೆಯ ತಿದ್ದುಪಡಿ

ಹೊಸ ಫೈಲನ್ನು ಮತ್ತೆ ಸೆಕೆಂಡ್ ಸೆಕೆಂಡಾಗಿ ಅಳೆದು ನೋಡಿದೆ. ಅಂಕಿ ಎಲ್ಲ ಸರಿ. ಆಮೇಲೆ ಮೂರು ಕಡೆ ಕೇಳಿದೆ: ಇಯರ್‌ಫೋನ್, ಫೋನಿನ ಚಿಕ್ಕ ಸ್ಪೀಕರ್, ಕಾರು. ಕಾರಿನಲ್ಲಿ ಕೇಳುವುದು ಮುಖ್ಯ. ಎಂಜಿನ್ ಸದ್ದಿನ ನಡುವೆ ಮಾತು ಉಳಿದರೆ ಎಲ್ಲಿಯೂ ಉಳಿಯುತ್ತದೆ.

ಗುಂಪಿಗೆ ಕಳಿಸಿದೆ. ಅತ್ತೆಯಿಂದ ಹೆಬ್ಬೆರಳಿನ ಚಿತ್ರ ಬಂತು. ಮಾವನಿಂದ ಫೋನೇ ಬಂತು. "ಮಾತೇನೋ ಲಾಯ್ಕ್ ಕೇಳ್ತದೆ. ಚೆಂಡೆಗೆ ಎಂತ ಮಾಡಿದ್ದು? ಡಬ್ಬ ಬಡಿದ ಹಾಗೆ ಉಂಟಲ್ಲ?" ಕೇಳಿ ನೋಡಿದರೆ ಅವರು ಹೇಳಿದ್ದು ನಿಜ. ಅನುಪಾತ 4 ಚೆಂಡೆಯ ಗತ್ತನ್ನೇ ತಿಂದಿತ್ತು. 2.5ಕ್ಕೆ ಇಳಿಸಿದೆ. ಈಗ ಚೆಂಡೆ −12ಕ್ಕೆ ನಿಲ್ಲುತ್ತದೆ, ಎತ್ತಲು 11 ಡೆಸಿಬಲ್ ಮಾತ್ರ ಸಿಗುತ್ತದೆ, ಮಾತು −9ರಲ್ಲಿ, ಚೆಂಡೆ −1ರಲ್ಲಿ. ಮಾತು 2 ಡೆಸಿಬಲ್ ಸೋತಿತು. ಅತ್ತೆ ಇನ್ನೂ ದೂರಿಲ್ಲ, ಮಾವ ಆ ಫೈಲನ್ನು ಆಗಲೇ ಊರೆಲ್ಲ ಹಂಚಿದ್ದಾರೆ.